ಹಾಲಿನ ನಾಡಿನಲ್ಲಿ ಬರಿದಾಗುತ್ತಿರುವ ಕೊಟ್ಟಿಗೆಗಳು: ವಿಸ್ಕಾನ್ಸಿನ್ ನಮಗೆ ಹೇಳುವುದೇನು?

2025ರಲ್ಲಿ ಭಾರತ ಮತ್ತು ಅಮೆರಿಕಗಳ ನಡುವೆ ನಡೆದ ವ್ಯಾಪಾರ ಮಾತುಕತೆಗಳು ಪದೇ ಪದೇ ತೊಡಕಿಗೆ ಸಿಲುಕಿದ ವಿಷಯಗಳಲ್ಲಿ ಹಾಲು ಪ್ರಮುಖವಾದುದು. ತನ್ನ ಹಾಲಿನ ಉತ್ಪನ್ನಗಳಿಗೆ ಭಾರತದ ಮಾರುಕಟ್ಟೆಯನ್ನು ತೆರೆಯಬೇಕೆಂಬುದು ಅಮೆರಿಕದ ಹಳೆಯ ಬೇಡಿಕೆ. ರೈತರು, ಹೈನುಗಾರರು ಹಾಗೂ ಮೀನುಗಾರರ ಹಿತದೊಂದಿಗೆ ರಾಜಿಯಿಲ್ಲವೆಂದು ಪ್ರಧಾನಿ ನರೇಂದ್ರ ಮೋದಿಯವರು ಆ ವರ್ಷದ ಆಗಸ್ಟ್ 7ರಂದು, ಡಾ. ಎಂ.ಎಸ್. ಸ್ವಾಮಿನಾಥನ್ ಜನ್ಮಶತಮಾನೋತ್ಸವದ ಸಮಾವೇಶದಲ್ಲಿ ಘೋಷಿಸಿದರು. ಅದೇ ತಿಂಗಳಲ್ಲಿ ಭಾರತದ ಸರಕುಗಳ ಮೇಲೆ ಅಮೆರಿಕ ವಿಧಿಸಿದ ಸುಂಕ ಶೇ. 50ಕ್ಕೆ ಏರಿತು. ಮಾತುಕತೆಗಳು ಮುಂದೆ ಯಾವ ತಿರುವು ಪಡೆದರೂ, ಹಾಲಿನ ಲೋಟ ಅಂತಾರಾಷ್ಟ್ರೀಯ ರಾಜಕಾರಣದ ಮೇಜಿನ ಮೇಲೆ ಬಂದು ಕುಳಿತಿದೆ ಎಂಬುದರಲ್ಲಿ ಸಂಶಯವಿಲ್ಲ.

ಈ ಚರ್ಚೆಯಲ್ಲಿ ನಮ್ಮ ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ 'ಅಮೆರಿಕದ ಹೈನುಗಾರ' ಎಂಬ ಒಬ್ಬ ವ್ಯಕ್ತಿಯನ್ನು ಎದುರಾಳಿಯಂತೆ ಚಿತ್ರಿಸುತ್ತವೆ. ಸಾವಿರಾರು ಹಸುಗಳ ಒಡೆಯ, ಯಂತ್ರಗಳ ಸರದಾರ, ಸರಕಾರದ ಸಹಾಯಧನದಿಂದ ಕೊಬ್ಬಿದವನು ಎಂಬುದು ಆ ಚಿತ್ರ. ಆದರೆ ಆತ ನಿಜಕ್ಕೂ ಯಾರು? ಆತನ ಮನೆಯ ಊಟವೇನು? ಆತ ಸುಖವಾಗಿದ್ದಾನೆಯೇ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಅಮೆರಿಕದ ಮಧ್ಯ ಪಶ್ಚಿಮ ಭಾಗದ ವಿಸ್ಕಾನ್ಸಿನ್ ರಾಜ್ಯದತ್ತ ನೋಡಬೇಕು. 1940ರಿಂದ ಆ ರಾಜ್ಯದ ವಾಹನಗಳ ಸಂಖ್ಯಾಫಲಕದ ಮೇಲೆ 'ಅಮೆರಿಕದ ಹಾಲಿನ ನಾಡು' ಎಂಬ ಬಿರುದು ಅಚ್ಚಾಗಿದೆ. ಹಸುವನ್ನು ರಾಜ್ಯದ ಅಧಿಕೃತ ಸಾಕುಪ್ರಾಣಿಯೆಂದು 1971ರಲ್ಲಿಯೂ, ಹಾಲನ್ನು ಅಧಿಕೃತ ಪಾನೀಯವೆಂದು 1987ರಲ್ಲಿಯೂ ಸಾರಿದ ನಾಡು ಅದು.

ಅಳತೆಯ ದೃಷ್ಟಿಯಿಂದ ಈ ರಾಜ್ಯ ನಮ್ಮ ಕರ್ನಾಟಕಕ್ಕಿಂತ ತುಸು ಚಿಕ್ಕದು. ಕರ್ನಾಟಕದ ವಿಸ್ತೀರ್ಣ 1.91 ಲಕ್ಷ ಚದರ ಕಿಲೋಮೀಟರ್ ಆದರೆ ವಿಸ್ಕಾನ್ಸಿನ್‌ನದು, ಸರೋವರಗಳ ಪಾಲೂ ಸೇರಿ, ಸುಮಾರು 1.69 ಲಕ್ಷ. ಜನಸಂಖ್ಯೆ ಮಾತ್ರ 60 ಲಕ್ಷದೊಳಗೆ. ವರ್ಷಕ್ಕೆ ಅಲ್ಲಿ ಉತ್ಪಾದನೆಯಾಗುವ ಹಾಲು ಸುಮಾರು 1.45 ಕೋಟಿ ಟನ್. ಕರ್ನಾಟಕದ ಒಟ್ಟು ಹಾಲಿನ ಉತ್ಪಾದನೆಯೂ ಇದಕ್ಕೆ ಸಮೀಪದ್ದೇ, ಅಂದಾಜು 1.3 ಕೋಟಿ ಟನ್. ಹೀಗೆ ಹೆಚ್ಚುಕಡಿಮೆ ಒಂದೇ ವಿಸ್ತಾರದ, ಹೆಚ್ಚುಕಡಿಮೆ ಒಂದೇ ಪ್ರಮಾಣದ ಹಾಲು ಕರೆಯುವ ಎರಡು ನಾಡುಗಳು ಇವು. ಆದರೆ ಆ ಹಾಲನ್ನು ಕರೆಯುವ ಕೈಗಳ ಲೆಕ್ಕದಲ್ಲಿ ಎರಡಕ್ಕೂ ಅಜಗಜಾಂತರವಿದೆ. ಈ ಅಂತರವೇ ನಮ್ಮ ಇಂದಿನ ಚರ್ಚೆಯ ಕೇಂದ್ರ.

ಗೋಧಿಯಿಂದ ಹಾಲಿಗೆ

ವಿಸ್ಕಾನ್ಸಿನ್ ಹುಟ್ಟಿನಿಂದಲೇ ಹಾಲಿನ ನಾಡಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅದು ಅಮೆರಿಕದ ಪ್ರಮುಖ ಗೋಧಿ ಬೆಳೆಯುವ ರಾಜ್ಯಗಳಲ್ಲೊಂದು. ವರ್ಷ ವರ್ಷವೂ ಒಂದೇ ಬೆಳೆ ತೆಗೆದುದರಿಂದ ನೆಲದ ಸಾರ ಬತ್ತಿತು. ತಿಗಣೆ ಜಾತಿಯ ಕೀಟಗಳ ಹಾವಳಿ ಬೆಳೆಯನ್ನು ನುಂಗಿತು. ಪಶ್ಚಿಮದ ಹೊಸ ಬಯಲುಗಳಲ್ಲಿ ಗೋಧಿ ಅಗ್ಗವಾಯಿತು. ರೈತರು ಕಂಗೆಟ್ಟ ಆ ಸಮಯದಲ್ಲಿ ಹಸುವನ್ನು ನಂಬಿರೆಂದು ಊರೂರು ತಿರುಗಿ ಹೇಳಿದವರಲ್ಲಿ ವಿಲಿಯಂ ಡೆಂಪ್‌ಸ್ಟರ್ ಹೋರ್ಡ್ ಎಂಬ ಪತ್ರಕರ್ತರು ಮುಖ್ಯರು. 1885ರಲ್ಲಿ ಅವರು ಆರಂಭಿಸಿದ ಹೈನುಗಾರಿಕೆಯ ಪತ್ರಿಕೆ ಇಂದಿಗೂ ಪ್ರಕಟವಾಗುತ್ತಿದೆ. 1889ರಿಂದ 1891ರವರೆಗೆ ಅವರು ಆ ರಾಜ್ಯದ ಗವರ್ನರ್ ಕೂಡ ಆಗಿದ್ದರು. ಪತ್ರಿಕೆಯೊಂದು ಒಂದು ನಾಡಿನ ಬೇಸಾಯದ ದಿಕ್ಕನ್ನೇ ತಿರುಗಿಸಿದ ಅಪರೂಪದ ನಿದರ್ಶನವಿದು.

ಎರಡನೆಯ ಆಸರೆ ವಿಶ್ವವಿದ್ಯಾಲಯದಿಂದ ಬಂದಿತು. ಆ ಕಾಲದಲ್ಲಿ ಹಾಲನ್ನು ತೂಕದ ಮೇಲೆ ಕೊಳ್ಳುತ್ತಿದ್ದುದರಿಂದ ನೀರು ಬೆರೆಸಿದವನಿಗೂ ಕೆನೆ ತೆಗೆದವನಿಗೂ ಪ್ರಾಮಾಣಿಕನಿಗೂ ಒಂದೇ ಬೆಲೆ ಸಿಗುತ್ತಿತ್ತು. ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟೀಫನ್ ಬಾಬ್‌ಕಾಕ್ 1890ರಲ್ಲಿ ಹಾಲಿನ ಕೊಬ್ಬಿನ ಅಂಶವನ್ನು ಅಳೆಯುವ ಸುಲಭ ವಿಧಾನವೊಂದನ್ನು ಕಂಡುಹಿಡಿದರು. ಗಾಜಿನ ಶೀಸೆಯಲ್ಲಿ ಹಾಲಿಗೆ ಗಂಧಕಾಮ್ಲ ಬೆರೆಸಿ, ಶೀಸೆಯನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಕೊಬ್ಬು ಮೇಲೆ ತೇಲಿ ನಿಲ್ಲುತ್ತದೆ. ಗೆರೆ ನೋಡಿ ಲೆಕ್ಕ ಹೇಳಬಹುದು. ಈ ಶೋಧಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಅದು ಎಲ್ಲರ ಸೊತ್ತಾಯಿತು. ನಮ್ಮ ಹಳ್ಳಿಗಳ ಹಾಲಿನ ಡೇರಿಗಳಲ್ಲಿ 'ಫ್ಯಾಟ್' ನೋಡಿ ದರ ಕಟ್ಟುವ ಪದ್ಧತಿಯ ಹಿಂದೆಯೂ ಇದೇ ತತ್ವವಿದೆ. ಮಂಡ್ಯದ ಹಳ್ಳಿಯ ಹೆಣ್ಣುಮಗಳೊಬ್ಬಳು ಡೇರಿಯ ಚೀಟಿಯಲ್ಲಿ ಫ್ಯಾಟಿನ ಅಂಕಿ ನೋಡಿ ಸಮಾಧಾನಪಡುವಾಗ ಮ್ಯಾಡಿಸನ್ನಿನ ಆ ಪ್ರಾಧ್ಯಾಪಕರ ಋಣವೂ ಅದರಲ್ಲಿ ಸೇರಿರುತ್ತದೆ. ಇದೇ ವಿಶ್ವವಿದ್ಯಾಲಯದಲ್ಲಿ 1960ರಿಂದ 1970ರವರೆಗೆ ದುಡಿದ ನಮ್ಮ ಹರ್‌ಗೋಬಿಂದ್ ಖೊರಾನಾ ಅವರು 1968ರಲ್ಲಿ ನೊಬೆಲ್ ಪುರಸ್ಕಾರ ಪಡೆದರೆಂಬುದನ್ನೂ ಇಲ್ಲಿ ಸ್ಮರಿಸಬಹುದು.

ತಟ್ಟೆಯಲ್ಲಿ ವಲಸೆಯ ಚರಿತ್ರೆ

ವಿಸ್ಕಾನ್ಸಿನ್ನಿನ ಊಟವನ್ನು ಅರಿತರೆ ಅಲ್ಲಿಗೆ ಯಾರು ಯಾರು ಎಲ್ಲಿಂದ ಬಂದರು ಎಂಬುದು ತಾನೇ ತಿಳಿಯುತ್ತದೆ. ಸ್ವಿಟ್ಜರ್ಲೆಂಡಿನಿಂದ ಬಂದವರು 1845ರಲ್ಲಿ ನ್ಯೂ ಗ್ಲಾರಸ್ ಎಂಬ ಊರು ಕಟ್ಟಿದರು. ಆ ಸುತ್ತಿನ ಗ್ರೀನ್ ಕೌಂಟಿ ಇಂದಿಗೂ ಸ್ವಿಸ್ ಮಾದರಿಯ ಚೀಸಿಗೆ ಹೆಸರುವಾಸಿ. ಅದೇ ಕೌಂಟಿಯ ಮನ್ರೋ ಎಂಬ ಊರಿನ ಸಹಕಾರಿ ಘಟಕವೊಂದು ಲಿಂಬರ್ಗರ್ ಎಂಬ ಚೀಸ್ ತಯಾರಿಸುತ್ತದೆ. ಅದರ ವಾಸನೆ ಎಷ್ಟು ಗಾಢವೆಂದರೆ, ಹಲಸಿನ ಹಣ್ಣನ್ನು ಬಚ್ಚಿಡಲಾಗದ ನಮ್ಮ ಮನೆಗಳಂತೆ, ಅದನ್ನು ತಂದ ಮನೆಯಲ್ಲಿ ಗುಟ್ಟು ಉಳಿಯದು. ಕೋಲ್ಬಿ ಎಂಬ ಪುಟ್ಟ ಊರಿನಲ್ಲಿ 1885ರಲ್ಲಿ ಹುಟ್ಟಿದ ಚೀಸ್ ಆ ಊರಿನ ಹೆಸರಿನಿಂದಲೇ ಜಗತ್ತಿನಾದ್ಯಂತ ಮಾರಾಟವಾಗುತ್ತಿದೆ.

ಜರ್ಮನರು ತಂದದ್ದು ಬ್ರಾಟ್‌ವರ್ಸ್ಟ್ ಎಂಬ ಮಾಂಸದ ಸಾಸೇಜ್ ಮತ್ತು ಬಿಯರ್. ಶೆಬಾಯ್ಗನ್ ನಗರದ ಬೇಸಿಗೆಯ ಸಂಜೆಗಳು ಅದರ ಹೊಗೆಯಿಲ್ಲದೆ ಸಾಗವು. ರಸೀನ್ ನಗರದಲ್ಲಿ ನೆಲೆಸಿದ ಡೆನ್ಮಾರ್ಕಿನವರು ಕ್ರಿಂಗಲ್ ಎಂಬ ಪದರು ಪದರಾದ ಸಿಹಿರೊಟ್ಟಿ ಮಾಡುತ್ತಾರೆ. 2013ರಲ್ಲಿ ಅದು ರಾಜ್ಯದ ಅಧಿಕೃತ ಭಕ್ಷ್ಯವಾಯಿತು. ನಾರ್ವೆಯವರು ಆಲೂಗಡ್ಡೆ ಹಿಟ್ಟಿನಿಂದ ಲಟ್ಟಿಸುವ ಲೆಫ್ಸಾ ನಮ್ಮ ಚಪಾತಿಯ ದೂರದ ನಂಟನಂತಿದೆ. ಅದಕ್ಕೆ ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿ ತಿನ್ನುವ ರೂಢಿಯಿದೆ. ಗ್ರೀನ್ ಬೇ ಸುತ್ತಿನ ಬೆಲ್ಜಿಯಂ ಮೂಲದವರು ದೊಡ್ಡ ಹಂಡೆಗಳಲ್ಲಿ ರಾತ್ರಿಯಿಡೀ ಬೇಯಿಸುವ 'ಬೂಯಾ' ಎಂಬ ಗಟ್ಟಿ ಸಾರು ಚರ್ಚಿನ ಉತ್ಸವಗಳ ಸಾಮೂಹಿಕ ಭೋಜನ.

ಇವರೆಲ್ಲರಿಗಿಂತ ಮೊದಲು ಅಲ್ಲಿದ್ದವರ ಅನ್ನವನ್ನು ಮರೆಯಲಾಗದು. ಉತ್ತರದ ಸರೋವರಗಳಲ್ಲಿ ತಾನಾಗಿ ಬೆಳೆಯುವ ಕಾಡಕ್ಕಿಯನ್ನು ಓಜಿಬ್ವೆ ಜನ 'ಮನೂಮಿನ್' ಎನ್ನುತ್ತಾರೆ. ಇಬ್ಬರು ದೋಣಿಯಲ್ಲಿ ಕುಳಿತು, ಒಬ್ಬರು ದೋಣಿ ನೂಕುತ್ತ, ಇನ್ನೊಬ್ಬರು ಕೋಲುಗಳಿಂದ ತೆನೆಗಳನ್ನು ಬಾಗಿಸಿ ಮೆಲ್ಲಗೆ ತಟ್ಟಿ ಕಾಳು ಉದುರಿಸುವುದು ಕೊಯ್ಲಿನ ಕ್ರಮ. ಉದುರದೆ ಉಳಿದದ್ದು ನೀರಿಗೆ ಬಿದ್ದು ಮುಂದಿನ ವರ್ಷದ ಬಿತ್ತನೆಯಾಗುತ್ತದೆ. 1837 ಮತ್ತು 1842ರ ಒಪ್ಪಂದಗಳಲ್ಲಿ ಭೂಮಿ ಬಿಟ್ಟುಕೊಟ್ಟರೂ ಬೇಟೆ, ಮೀನುಗಾರಿಕೆ ಮತ್ತು ಸಂಗ್ರಹಣೆಯ ಹಕ್ಕುಗಳನ್ನು ಓಜಿಬ್ವೆ ಜನ ಉಳಿಸಿಕೊಂಡಿದ್ದರು. ಆ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿದದ್ದು 1983ರಲ್ಲಿ. ಅದಾದ ಮೇಲೂ 1980ರ ದಶಕದ ಕೊನೆಯಲ್ಲಿ ದೋಣಿಗಟ್ಟೆಗಳಲ್ಲಿ ಅವರು ನಿಂದನೆ, ಕಲ್ಲೇಟುಗಳನ್ನು ಎದುರಿಸಬೇಕಾಯಿತು. ಊಟದ ಪರಂಪರೆ ಎಂದಾಗ ನಾವು ರುಚಿಯನ್ನಷ್ಟೇ ನೆನೆಯುತ್ತೇವೆ. ಅದು ಹಕ್ಕಿನ ಪ್ರಶ್ನೆಯೂ ಹೌದೆಂಬುದಕ್ಕೆ ಈ ಕಾಡಕ್ಕಿಯೇ ಸಾಕ್ಷಿ.

ಇತ್ತೀಚಿನ ವಲಸೆಯ ಸಾಲಿನಲ್ಲಿ ವಿಯೆಟ್ನಾಂ ಯುದ್ಧದ ನಂತರ ಲಾವೋಸಿನಿಂದ ನಿರಾಶ್ರಿತರಾಗಿ ಬಂದ ಹ್ಮಾಂಗ್ ಜನರಿದ್ದಾರೆ. ಅಮೆರಿಕದಲ್ಲಿ ಹ್ಮಾಂಗ್ ಜನ ಹೆಚ್ಚಾಗಿರುವ ಮೂರು ರಾಜ್ಯಗಳಲ್ಲಿ ವಿಸ್ಕಾನ್ಸಿನ್ ಒಂದು. ಮ್ಯಾಡಿಸನ್ನಿನ ಶಾಸನಭವನದ ಸುತ್ತ 1972ರಿಂದ ಶನಿವಾರಗಳಂದು ನೆರೆಯುವ ರೈತರ ಸಂತೆಯಲ್ಲಿ ಅವರು ಬೆಳೆದ ಸೊಪ್ಪು, ಮೆಣಸಿನಕಾಯಿಗಳು ಚೀಸಿನ ಪಕ್ಕದಲ್ಲೇ ಮಾರಾಟವಾಗುತ್ತವೆ. ಮುಂಬಯಿಯ ಗಲ್ಲಿಗಳಲ್ಲಿ ಉಡುಪಿ ಹೋಟೆಲುಗಳ ಮೂಲಕ ತುಳುನಾಡಿನ ರುಚಿ ನೆಲೆಯೂರಿದುದನ್ನು ಕಂಡ ನಮಗೆ ಇದು ಅಪರಿಚಿತ ಕಥೆಯೇನಲ್ಲ. ಊರು ಬಿಟ್ಟವನು ಭಾಷೆಯನ್ನು ಮರೆತರೂ ನಾಲಿಗೆಯ ಇನ್ನೊಂದು ನೆನಪನ್ನು ಬೇಗ ಬಿಡಲಾರ.

ಶುಕ್ರವಾರದ ಮೀನು, ಬೆಣ್ಣೆಯ ಕಾನೂನು

ಅಲ್ಲಿಯ ದಿನನಿತ್ಯದ ಬದುಕಿನ ತಾಳವನ್ನು ಹಿಡಿಯಬೇಕಾದರೆ ಶುಕ್ರವಾರದ ಸಂಜೆಯನ್ನು ನೋಡಬೇಕು. ಊರಿನ ಪಾನಗೃಹ, ಚರ್ಚಿನ ನೆಲಮಾಳಿಗೆ, ಮಾಜಿ ಸೈನಿಕರ ಸಭಾಗೃಹ ಎಲ್ಲೆಲ್ಲಿಯೂ ಕರಿದ ಮೀನಿನ ಊಟ. ಜತೆಗೆ ರೈ ಹಿಟ್ಟಿನ ಬ್ರೆಡ್ಡು, ಹೆಚ್ಚಿದ ಎಲೆಕೋಸಿನ ಕೋಲ್‌ಸ್ಲಾ, ಆಲೂಗಡ್ಡೆಯ ದೋಸೆ. ಶುಕ್ರವಾರ ಮಾಂಸ ವರ್ಜ್ಯವೆಂಬ ಕೆಥೊಲಿಕ್ ನೇಮದಿಂದ ಹುಟ್ಟಿದ ಪದ್ಧತಿಯಿದು. 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗ ಗಿರಾಕಿಗಳನ್ನು ಸೆಳೆಯಲು ಪಾನಗೃಹಗಳು ಮೀನಿನೂಟವನ್ನೇ ಆಶ್ರಯಿಸಿದವು. ಉಪವಾಸದ ನೇಮವೇ ಕಾಲಕ್ರಮದಲ್ಲಿ ಹಬ್ಬದೂಟವಾಗುವುದು ನಮಗೇನೂ ಹೊಸತಲ್ಲ. ಒಪ್ಪತ್ತಿನ ದಿನ ನಮ್ಮ ಮನೆಗಳಲ್ಲಿ ಆಗುವ ಫಲಾಹಾರದ ಸಂಭ್ರಮವನ್ನು ಬಲ್ಲವರು ಇದನ್ನು ಒಪ್ಪುತ್ತಾರೆ. ಇಂದು ಆ ಊಟಕ್ಕೆ ಜಾತಿ ಮತದ ಭೇದವಿಲ್ಲ. ಕಾರ್ಖಾನೆಯ ಕಾರ್ಮಿಕನೂ ಬ್ಯಾಂಕಿನ ಮ್ಯಾನೇಜರನೂ ಅಕ್ಕಪಕ್ಕದ ಮೇಜಿನಲ್ಲಿ ಕೂರುತ್ತಾರೆ; ವಾರದ ಸುದ್ದಿ, ಮಳೆ, ಹಾಲಿನ ದರ ಎಲ್ಲವೂ ಅಲ್ಲಿಯೇ ಚರ್ಚೆಯಾಗುತ್ತವೆ.

ಹೆದ್ದಾರಿಯ ಬದಿಯ 'ಸಪ್ಪರ್ ಕ್ಲಬ್'ಗಳು ಇನ್ನೊಂದು ವೈಶಿಷ್ಟ್ಯ. ಹೆಸರು ಕ್ಲಬ್ಬೆಂದಿದ್ದರೂ ಸದಸ್ಯತ್ವವೇನೂ ಬೇಡ. ಒಂದೇ ಕುಟುಂಬ ತಲೆಮಾರುಗಳಿಂದ ನಡೆಸುವ ಈ ಭೋಜನಗೃಹಗಳಲ್ಲಿ ಅವಸರಕ್ಕೆ ಎಡೆಯಿಲ್ಲ. ಹಸಿ ತರಕಾರಿ, ಉಪ್ಪಿನಕಾಯಿಗಳ ತಟ್ಟೆಯಿಂದ ಆರಂಭವಾಗುವ ಊಟ ಸಂಜೆಯಿಡೀ ಸಾಗುತ್ತದೆ. ಜೂನ್ ತಿಂಗಳು ಬಂತೆಂದರೆ ಹೈನುಮಾಸದ ಆಚರಣೆ. ಆ ತಿಂಗಳ ಭಾನುವಾರ, ಶನಿವಾರಗಳಲ್ಲಿ ರೈತಕುಟುಂಬಗಳು ತಮ್ಮ ಕೊಟ್ಟಿಗೆಯ ಅಂಗಳದಲ್ಲೇ ಊರವರಿಗೆ ಬೆಳಗಿನ ಉಪಾಹಾರ ಏರ್ಪಡಿಸುತ್ತವೆ. ಪಟ್ಟಣದ ಮಕ್ಕಳು ಕರುವಿನ ಮೈ ನೇವರಿಸುವುದು ಆ ದಿನ.

ಚೀಸಿನ ವಿಷಯದಲ್ಲಂತೂ ಆ ನಾಡಿನ ನಿಷ್ಠೆ ಅಪಾರ. ಅಲ್ಲಿಯ ಹಾಲಿನ ಸುಮಾರು ಶೇ. 90 ಭಾಗ ಚೀಸ್ ಆಗುತ್ತದೆ. ಅಮೆರಿಕದ ಒಟ್ಟು ಚೀಸಿನಲ್ಲಿ ಕಾಲು ಭಾಗ ಅಲ್ಲಿಯದೇ. ಪರವಾನಗಿ ಪಡೆದವರಷ್ಟೇ ಚೀಸ್ ತಯಾರಿಸಬೇಕೆಂಬ ನಿಯಮವಿರುವ ಏಕೈಕ ಅಮೆರಿಕನ್ ರಾಜ್ಯವೂ ಅದೇ. ಹಾಲೊಡೆದು ಹಿಂಡಿದ ಕೂಡಲೇ ಸಿಗುವ 'ಚೀಸ್ ಕರ್ಡ್' ಎಂಬ ಪುಟ್ಟ ತುಂಡುಗಳನ್ನು ಕಚ್ಚಿದರೆ ಹಲ್ಲಿನ ನಡುವೆ ಕಿರ್ ಕಿರ್ ಎಂದು ಸದ್ದಾಗಬೇಕು. ಒಂದೆರಡು ದಿನ ಕಳೆದರೆ ಆ ಸದ್ದು ಹೋಗುತ್ತದೆ. ಸದ್ದು ಹೋದರೆ ತಾಜಾತನವೂ ಹೋಯಿತೆಂದು ಅರ್ಥ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಸಸ್ಯಾಹಾರಿ ಹಿರಿಯರು ಒಂದು ಅಂಶವನ್ನು ತಿಳಿದಿರುವುದು ಒಳ್ಳೆಯದು. ಹಾಲೊಡೆಯಲು ಬಳಸುವ ರೆನೆಟ್ ಎಂಬ ಹೆಪ್ಪನ್ನು ಹಿಂದೆ ಕರುವಿನ ಜಠರದಿಂದಲೇ ತೆಗೆಯುತ್ತಿದ್ದರು. ಈಗ ಸೂಕ್ಷ್ಮಾಣುಗಳಿಂದ ತಯಾರಿಸಿದ ಹೆಪ್ಪು ವ್ಯಾಪಕವಾಗಿದ್ದರೂ ಹಳೆಯ ಕ್ರಮ ಪೂರ್ತಿ ಹೋಗಿಲ್ಲ. ಆದುದರಿಂದ ಪೊಟ್ಟಣದ ಮೇಲಿನ ಬರಹವನ್ನು ಓದಿ ಕೊಳ್ಳಬೇಕು.

ಬೆಣ್ಣೆಯ ಮೇಲಿನ ಅಭಿಮಾನ ಕಾನೂನಿನ ರೂಪವನ್ನೇ ತಳೆದದ್ದು ಕುತೂಹಲಕರ. ಹಳದಿ ಬಣ್ಣದ ಮಾರ್ಗರಿನ್ ಬೆಣ್ಣೆಗೆ ಸ್ಪರ್ಧಿಯಾಗಬಾರದೆಂದು 1895ರಿಂದ 1967ರವರೆಗೆ ರಾಜ್ಯದಲ್ಲಿ ಅದಕ್ಕೆ ನಿಷೇಧವಿತ್ತು. ಅಗ್ಗದ ಮಾರ್ಗರಿನ್‌ಗಾಗಿ ಗೃಹಿಣಿಯರು ಗಡಿ ದಾಟಿ ಇಲಿನಾಯ್ ರಾಜ್ಯಕ್ಕೆ ಹೋಗಿ, ಕದ್ದುಮುಚ್ಚಿ ತರುತ್ತಿದ್ದರು. ಗಿರಾಕಿ ತಾನಾಗಿ ಕೇಳದ ಹೊರತು ಬೆಣ್ಣೆಯ ಬದಲು ಬಣ್ಣದ ಮಾರ್ಗರಿನ್ ಬಡಿಸಬಾರದೆಂಬ ನಿಯಮ ಹೋಟೆಲುಗಳಿಗೆ ಇಂದಿಗೂ ಅನ್ವಯಿಸುತ್ತದೆ. ಮುಕ್ತ ವ್ಯಾಪಾರದ ಪಾಠವನ್ನು ಜಗತ್ತಿಗೆ ಹೇಳುವ ದೇಶದೊಳಗೇ, ತನ್ನ ಹೈನುಗಾರನ ರಕ್ಷಣೆಗಾಗಿ ಒಂದು ರಾಜ್ಯ ಏಳು ದಶಕಗಳ ಕಾಲ ಇಂಥ ಗೋಡೆ ಕಟ್ಟಿಕೊಂಡಿತ್ತೆಂಬುದನ್ನು ಇಂದಿನ ಸುಂಕದ ಚರ್ಚೆಯಲ್ಲಿ ನೆನೆಯುವುದು ಉಚಿತ.

ಹಸುಗಳಿವೆ, ಹೈನುಗಾರರಿಲ್ಲ

ಇಷ್ಟೆಲ್ಲ ಸಂಭ್ರಮದ ನಡುವೆ ನಡೆಯುತ್ತಿರುವುದೇನು? ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ವಿಸ್ಕಾನ್ಸಿನ್‌ನಲ್ಲಿ ಲಕ್ಷಕ್ಕೂ ಹೆಚ್ಚು ಹೈನುಗಾರ ಕುಟುಂಬಗಳಿದ್ದವು. 2004ರ ಸುಮಾರಿಗೆ ಅವು 15 ಸಾವಿರದ ಆಸುಪಾಸಿಗೆ ಇಳಿದವು. 2024ರ ಆರಂಭಕ್ಕೆ 6 ಸಾವಿರಕ್ಕಿಂತಲೂ ಕಡಿಮೆ. 2019ರ ಒಂದೇ ವರ್ಷದಲ್ಲಿ 800ಕ್ಕೂ ಹೆಚ್ಚು ಕೊಟ್ಟಿಗೆಗಳು, ಎಂದರೆ ಹತ್ತರಲ್ಲೊಂದು, ಮುಚ್ಚಿದವು. ಆದರೆ ಹಸುಗಳ ಸಂಖ್ಯೆ ಈ ಎರಡು ದಶಕಗಳಲ್ಲಿ 12.5 ಲಕ್ಷದ ಆಸುಪಾಸಿನಲ್ಲೇ ಇದೆ. ಹಾಲಿನ ಉತ್ಪಾದನೆಯೋ, ವರ್ಷಕ್ಕೆ 1 ಕೋಟಿ ಟನ್‌ನಿಂದ 1.45 ಕೋಟಿ ಟನ್‌ಗೆ ಏರಿದೆ. ಹಾಲು ಹೆಚ್ಚಿತು, ಹಸು ಉಳಿಯಿತು, ಹೈನುಗಾರ ಮಾತ್ರ ಇಲ್ಲವಾದ. ಸರಾಸರಿ ಕೊಟ್ಟಿಗೆಯಲ್ಲಿ ಆಗ ಸುಮಾರು 80 ಹಸುಗಳಿದ್ದರೆ ಈಗ 200ಕ್ಕೂ ಹೆಚ್ಚು. ಸಾವಿರಾರು ಹಸುಗಳ ಕೊಟ್ಟಿಗೆಗಳೂ ತಲೆಯೆತ್ತಿವೆ.

ಇದರ ಕಾರಣ ಒಂದೇ ಅಲ್ಲ. ಹಾಲಿನ ದರ ರೈತನ ಕೈಯಲ್ಲಿಲ್ಲ; ಷಿಕಾಗೊ ವಿನಿಮಯ ಕೇಂದ್ರದ ಚೀಸ್ ಹಾಗೂ ಬೆಣ್ಣೆಯ ವಹಿವಾಟನ್ನು ಹಿಂಬಾಲಿಸಿ, ಸಂಯುಕ್ತ ಸರಕಾರದ ಸೂತ್ರದಂತೆ ತಿಂಗಳು ತಿಂಗಳೂ ಅದು ನಿರ್ಧಾರವಾಗುತ್ತದೆ. ಚೀಸಿಗೆ ಬಳಸುವ ನೂರು ಪೌಂಡ್ ಹಾಲಿಗೆ, ಎಂದರೆ ಸುಮಾರು 45 ಕಿಲೋಗ್ರಾಂಗೆ, 2014ರಲ್ಲಿ ಸರಾಸರಿ 22 ಡಾಲರ್ ದಾಟಿದ್ದ ದರ 2018ರಲ್ಲಿ 15 ಡಾಲರಿಗಿಂತ ಕೆಳಗಿಳಿಯಿತು. ಮೇವು, ಸಾಲದ ಬಡ್ಡಿ, ಯಂತ್ರಗಳ ಕಂತು ಯಾವುದೂ ಹಾಗೆ ಇಳಿಯಲಿಲ್ಲ. ದರ ಇಳಿದಾಗ ಸಣ್ಣ ರೈತ ನಷ್ಟ ತುಂಬಲು ಇನ್ನಷ್ಟು ಹಾಲು ಕರೆಯುತ್ತಾನೆ. ಎಲ್ಲರೂ ಹಾಗೆಯೇ ಮಾಡಿದಾಗ ದರ ಇನ್ನಷ್ಟು ಕುಸಿಯುತ್ತದೆ. ಸಾಲ ತಾಳಬಲ್ಲ ದೊಡ್ಡವನು ಉಳಿಯುತ್ತಾನೆ, ಚಿಕ್ಕವನು ಹಸು ಮಾರುತ್ತಾನೆ.

ಇದರ ಮೇಲೆ ವ್ಯಾಪಾರದ ಜಗಳಗಳು. ಕೆನಡಾ ತನ್ನ ಹಾಲಿನ ದರನೀತಿಯನ್ನು ಬದಲಿಸಿದಾಗ, 2017ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ನಿನ ಸಂಸ್ಕರಣಾ ಕಂಪನಿಯೊಂದು ಸುಮಾರು 75 ರೈತ ಕುಟುಂಬಗಳಿಗೆ, ಮುಂದಿನ ತಿಂಗಳಿಂದ ನಿಮ್ಮ ಹಾಲು ಬೇಡವೆಂದು ಪತ್ರ ಬರೆಯಿತು. ಕೊಳ್ಳುವವನಿಲ್ಲದ ಹಾಲು ಒಂದು ದಿನವೂ ಕಾಯದು. 2018ರಲ್ಲಿ ಅಮೆರಿಕ ಉಕ್ಕಿನ ಮೇಲೆ ಸುಂಕ ಹಾಕಿದಾಗ ಮೆಕ್ಸಿಕೊ ಪ್ರತಿಯಾಗಿ ಚೀಸಿನ ಮೇಲೆ ಸುಂಕ ಹಾಕಿತು. ಉಕ್ಕಿನ ಜಗಳದ ದಂಡವನ್ನು ಹಾಲಿನವನು ತೆತ್ತ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣ ಶಾಲೆ, ಹೋಟೆಲುಗಳು ಮುಚ್ಚಿದಾಗ ಕರೆದ ಹಾಲನ್ನು ಹೊಲಕ್ಕೇ ಸುರಿಯಬೇಕಾಗಿ ಬಂದಿತು. ಅದಕ್ಕೂ ಮೊದಲು, 2019ರ ಅಕ್ಟೋಬರ್‌ನಲ್ಲಿ ಮ್ಯಾಡಿಸನ್ನಿನ ಹೈನು ಮೇಳಕ್ಕೆ ಬಂದಿದ್ದ ಅಂದಿನ ಕೃಷಿ ಸಚಿವ ಸನ್ನಿ ಪರ್ಡ್ಯೂ, ಅಮೆರಿಕದಲ್ಲಿ ದೊಡ್ಡವರು ಇನ್ನಷ್ಟು ದೊಡ್ಡವರಾಗುತ್ತಾರೆ, ಸಣ್ಣವರು ಹೊರಬೀಳುತ್ತಾರೆ ಎಂಬರ್ಥದ ಮಾತಾಡಿದ್ದರು. ಅದು ಸತ್ಯವಾಗಿರಬಹುದು, ಆದರೆ ಹಾಲಿನ ನಾಡಿನ ನಡುಮನೆಯಲ್ಲಿ ನಿಂತು ಹೇಳಿದ ಆ ಮಾತು ಅಲ್ಲಿಯ ರೈತರನ್ನು ಆಳವಾಗಿ ನೋಯಿಸಿತು.

ದೊಡ್ಡ ಕೊಟ್ಟಿಗೆಗಳನ್ನೆಲ್ಲ ಖಳರೆಂದು ಬಗೆಯುವುದೂ ನ್ಯಾಯವಲ್ಲ. ವರ್ಷದ 365 ದಿನವೂ ನಸುಕಿನಲ್ಲಿ ಎದ್ದು, ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಹಾಲು ಕರೆಯುವ ದುಡಿಮೆಯನ್ನು ಮುಂದಿನ ತಲೆಮಾರು ಒಲ್ಲದಿದ್ದರೆ ಅದನ್ನು ದೂಷಿಸಲಾಗದು. ಸಹೋದರರು ಸೇರಿ ಕೊಟ್ಟಿಗೆ ಹಿಗ್ಗಿಸಿಕೊಂಡು, ಯಂತ್ರ ತಂದು, ವಾರಕ್ಕೊಂದು ರಜೆ ಕಂಡುಕೊಂಡ ಕುಟುಂಬಗಳೂ ಉಂಟು. ಆದರೆ ಬೆಲೆಯೂ ಇದೆ. ಕಿವಾನೀ ಕೌಂಟಿಯಂತಹ ಕಡೆ, ತೆಳುಮಣ್ಣಿನ ಕೆಳಗೆ ಬಿರುಕುಬಿಟ್ಟ ಸುಣ್ಣಕಲ್ಲು ಇರುವುದರಿಂದ, ಸಗಣಿಯ ಅಂಶ ಕುಡಿಯುವ ನೀರಿನ ಬಾವಿಗಳಿಗೆ ಸೇರಿದೆ. ಇನ್ನು ಕೊಟ್ಟಿಗೆ ಮುಚ್ಚಿದಾಗ ಅದೊಂದೇ ಮುಚ್ಚುವುದಿಲ್ಲ. ಹಿಂಡಿ ಮಾರುವವನು, ಪಶುವೈದ್ಯ, ಊರ ಶಾಲೆ, ಚರ್ಚು, ಶುಕ್ರವಾರದ ಮೀನಿನೂಟದ ಪಾನಗೃಹ ಎಲ್ಲವೂ ಕ್ರಮೇಣ ಸೊರಗುತ್ತವೆ. 1920ರ ದಶಕದಲ್ಲಿ 2,500ಕ್ಕೂ ಹೆಚ್ಚು ಚೀಸ್ ಘಟಕಗಳಿದ್ದ ರಾಜ್ಯದಲ್ಲಿ, ಒಂದು ಗಾಡಿಪಯಣದ ದೂರಕ್ಕೊಂದರಂತೆ ಹಬ್ಬಿದ್ದ ಜಾಲದಲ್ಲಿ, ಇಂದು ಉಳಿದಿರುವುದು ಸುಮಾರು 120.

ಕಾಣದ ಕೈಗಳು

ಹಾಗಾದರೆ ಇಂದು ಆ ಹಾಲನ್ನು ಕರೆಯುವವರು ಯಾರು? ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ 2023ರ ಅಧ್ಯಯನವೊಂದರ ಪ್ರಕಾರ ರಾಜ್ಯದ ಕೊಟ್ಟಿಗೆಗಳ ದುಡಿಮೆಯಲ್ಲಿ ಸುಮಾರು ಶೇ. 70 ಭಾಗವನ್ನು ಮಾಡುವವರು, ಅಧಿಕೃತ ದಾಖಲೆಗಳಿಲ್ಲದ 10 ಸಾವಿರಕ್ಕೂ ಹೆಚ್ಚು ವಲಸೆ ಕಾರ್ಮಿಕರು. ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕದಿಂದ ಬಂದವರು. ಕೃಷಿಗೆಂದು ಇರುವ ವೀಸಾ ಹಂಗಾಮಿನ ಕೆಲಸಕ್ಕೆ ಮಾತ್ರ. ಹಸುವಿಗೆ ಹಂಗಾಮಿಲ್ಲ, ಅದು ದಿನವೂ ಹಾಲು ಕೊಡುತ್ತದೆ. ಆದುದರಿಂದ ಕಾನೂನುಬದ್ಧ ದಾರಿಯೇ ಅವರಿಗಿಲ್ಲ. 2007ರಿಂದ ಅಲ್ಲಿ ಇಂಥವರಿಗೆ ವಾಹನ ಚಾಲನೆಯ ಪರವಾನಗಿಯೂ ದೊರೆಯದು. ಬಸ್ಸಿಲ್ಲದ ಹಳ್ಳಿಗಾಡಿನಲ್ಲಿ ಕೆಲಸಕ್ಕೆ ಹೋಗುವುದೇ ಅಪರಾಧವಾಗುವ ವಿಚಿತ್ರ ಸ್ಥಿತಿ ಇದು. 2025ರಲ್ಲಿ ಗಡೀಪಾರಿನ ಕಾರ್ಯಾಚರಣೆ ಬಿರುಸಾದ ಮೇಲೆ ಅಂಗಡಿಗೆ ಹೋಗಲೂ ಅಂಜುವ ದಿನಗಳು ಬಂದವು. ಅದೇ ಸರಕಾರಕ್ಕೆ ಮತ ಹಾಕಿದ ರೈತರೂ, ಈ ಕೈಗಳಿಲ್ಲದಿದ್ದರೆ ನಾಳೆ ನಮ್ಮ ಹಸುಗಳನ್ನು ಕರೆಯುವವರು ಯಾರೆಂದು ಕೇಳಬೇಕಾಗಿ ಬಂದಿತು. ಹಾಲಿನ ನಾಡಿನ ಹೆಮ್ಮೆ ಫಲಕದ ಮೇಲಿದೆ. ಅದರ ಭಾರ ಹೆಸರಿಲ್ಲದವರ ಹೆಗಲ ಮೇಲಿದೆ.

ನಮ್ಮ ಕಡೆಗೊಂದು ನೋಟ

ಈಗ ಆರಂಭದ ಹೋಲಿಕೆಗೆ ಬರೋಣ. ವಿಸ್ಕಾನ್ಸಿನ್‌ನಲ್ಲಿ 6 ಸಾವಿರಕ್ಕಿಂತ ಕಡಿಮೆ ಕೊಟ್ಟಿಗೆಗಳು ಕೊಡುವಷ್ಟಕ್ಕೆ ಸಮೀಪದ ಹಾಲನ್ನು ಕರ್ನಾಟಕದಲ್ಲಿ ಲಕ್ಷಾಂತರ ಮನೆಗಳು ಕೊಡುತ್ತವೆ. ಕರ್ನಾಟಕ ಹಾಲು ಮಹಾಮಂಡಲದ ಸಹಕಾರ ಸಂಘಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅವರಲ್ಲಿ ಬಹುತೇಕರದು ಒಂದೆರಡು ಹಸುಗಳ ಸಂಸಾರ. ಮಳೆ ಕೈಕೊಟ್ಟು ರಾಗಿ ಒಣಗಿದ ವರ್ಷದಲ್ಲಿ ಡೇರಿಯ ಹದಿನೈದು ದಿನದ ಬಟವಾಡೆಯೇ ಮನೆಯ ಉಪ್ಪು ಎಣ್ಣೆ, ಮಕ್ಕಳ ಶಾಲೆಯ ಖರ್ಚು. 2024ರಲ್ಲಿ ಮಹಾಮಂಡಲದ ದಿನದ ಸಂಗ್ರಹ 1 ಕೋಟಿ ಲೀಟರ್ ಮಟ್ಟ ಮುಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ನಂದಿನಿ ಹಾಲು ದೆಹಲಿಯ ಮಾರುಕಟ್ಟೆಗೂ ಕಾಲಿಟ್ಟಿತು. ಹೊರನಾಡ ಕನ್ನಡಿಗರಾದ ನಮಗೆ ಆ ಪೊಟ್ಟಣ ಬರಿಯ ಹಾಲಲ್ಲ, ಊರಿನಿಂದ ಬಂದ ಕಾಗದವಿದ್ದಂತೆ.

ಇಂತಿರುವಾಗ ಭಾರತ ತನ್ನ ಹಾಲಿನ ಉತ್ಪನ್ನಗಳ ಮೇಲೆ ಶೇ. 30ರಿಂದ 60ರವರೆಗೆ ಆಮದು ಸುಂಕ ಇರಿಸಿಕೊಂಡಿರುವುದಕ್ಕೆ ಅರ್ಥವಿದೆ. ಪ್ರಾಣಿಜನ್ಯ ಮೇವು ತಿನ್ನದ ಹಸುವಿನ ಹಾಲೆಂಬ ಪ್ರಮಾಣಪತ್ರ ಬೇಕೆಂಬ ಷರತ್ತಿಗೆ ಧಾರ್ಮಿಕ ಭಾವನೆಯ ಹಿನ್ನೆಲೆಯಿದೆ. ಅಮೆರಿಕ ಅದನ್ನು ವ್ಯಾಪಾರಕ್ಕೆ ಅಡ್ಡಿಯೆಂದು ಕರೆಯುತ್ತದೆ. ಆದರೆ ಪ್ರಶ್ನೆ ಭಾವನೆಯದಷ್ಟೇ ಅಲ್ಲ, ಬದುಕಿನದು. ಲೀಟರಿಗೆ ಕೆಲವೇ ರೂಪಾಯಿ ದರ ಕುಸಿದರೂ, ವಿಸ್ಕಾನ್ಸಿನ್ನಿನ ರೈತ ಹಸು ಮಾರಿ ಪಟ್ಟಣದಲ್ಲಿ ಲಾರಿ ಓಡಿಸಬಲ್ಲ. ಒಂದೆರಡು ಹಸುಗಳ ನಮ್ಮ ಹೆಣ್ಣುಮಗಳಿಗೆ ಅಂಥ ಎರಡನೆಯ ದಾರಿ ಕಡಿಮೆ.

ಹಾಗೆಂದು ಸುಂಕದ ಗೋಡೆಯೊಂದೇ ನಮ್ಮನ್ನು ಕಾಯುವುದೆಂದು ನಂಬುವುದೂ ಸರಿಯಲ್ಲ. ವಿಸ್ಕಾನ್ಸಿನ್ನಿನ ಸಣ್ಣ ರೈತನನ್ನು ಮುಳುಗಿಸಿದ್ದು ಪರದೇಶದ ಹಾಲಲ್ಲ. ತನ್ನದೇ ದೇಶದ ದರಸೂತ್ರ, ಸಾಲ, ಅತಿ ಉತ್ಪಾದನೆ. ನಮ್ಮಲ್ಲೂ ಹಿಂಡಿಯ ಬೆಲೆ ಏರುತ್ತಿದೆ; ಯುವಕರು ಕೊಟ್ಟಿಗೆ ಬಿಟ್ಟು ಬೆಂಗಳೂರಿಗೆ ನಡೆದಿದ್ದಾರೆ. ನಂದಿನಿ ಹಾಲಿನ ದರ 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದಾಗ ನಗರವಾಸಿಗಳು ಗೊಣಗಿದರು. ಉತ್ಪಾದಕನ ಖರ್ಚಿನ ಲೆಕ್ಕ ಕೇಳಿದವರು ಕಡಿಮೆ. ಸಹಕಾರಿ ವ್ಯವಸ್ಥೆ ರಾಜಕೀಯದ ಅಖಾಡವಾಗದೆ, ರೈತನಿಗೆ ಸಕಾಲಕ್ಕೆ ಹಣ ಮುಟ್ಟಿಸಿದರೆ ಮಾತ್ರ ಆ ಕೋಟೆ ನಿಲ್ಲುತ್ತದೆ. ವಿಸ್ಕಾನ್ಸಿನ್‌ನಲ್ಲೂ ದಾರಿ ಹುಡುಕುವ ಯತ್ನ ನಿಂತಿಲ್ಲ. ಅಲ್ಲಿಯ ಲಾ ಫಾರ್ಜ್ ಎಂಬ ಪುಟ್ಟ ಊರಿನಲ್ಲಿ 1988ರಲ್ಲಿ ಬೆರಳೆಣಿಕೆಯ ರೈತರು ಕಟ್ಟಿದ ಸಾವಯವ ಸಹಕಾರ ಸಂಘ, ದರವನ್ನು ತಾವೇ ನಿಗದಿಪಡಿಸುವ ಹಠದಿಂದ ಬೆಳೆದು, ಇಂದು ದೇಶವ್ಯಾಪಿಯಾಗಿದೆ. ಒಗ್ಗಟ್ಟೇ ಸಣ್ಣವನ ಬಂಡವಾಳವೆಂಬುದು ಅಲ್ಲಿಗೂ ಇಲ್ಲಿಗೂ ಒಂದೇ.

ಮಾತುಕತೆಯ ಮೇಜಿನಲ್ಲಿ ಎರಡು ದೇಶಗಳು ಎದುರು ಬದುರು ಕುಳಿತಾಗ ಅಲ್ಲಿ ವಿಸ್ಕಾನ್ಸಿನ್ನಿನ ಅರವತ್ತು ಹಸುಗಳ ರೈತನೂ ಇರುವುದಿಲ್ಲ, ಮಂಡ್ಯದ ಎರಡು ಹಸುಗಳ ತಾಯಿಯೂ ಇರುವುದಿಲ್ಲ. ಅವರಿಬ್ಬರ ಹೆಸರಿನಲ್ಲಿ ಮಾತಾಡುವವರು ಬೇರೆ. ಅವರಿಬ್ಬರೂ ಶತ್ರುಗಳಲ್ಲವೆಂಬುದನ್ನು ನಾವು ಮೊದಲು ತಿಳಿಯಬೇಕು. ಒಬ್ಬರ ಕೊಟ್ಟಿಗೆ ಮುಚ್ಚಿದರೆ ಇನ್ನೊಬ್ಬರದು ತೆರೆಯುವುದಿಲ್ಲ. ನಡುವೆ ನಿಂತ ದೊಡ್ಡ ವ್ಯಾಪಾರಿಗೆ ಮಾತ್ರ ಲಾಭ. ಚೀಸನ್ನೂ ಬೆಣ್ಣೆಯನ್ನೂ ಕಾನೂನಿನಿಂದ, ಹಬ್ಬದಿಂದ, ಬಿರುದಿನಿಂದ ಗೌರವಿಸಿದ ನಾಡೊಂದು ಅವುಗಳನ್ನು ಕೊಟ್ಟ ಕುಟುಂಬಗಳನ್ನು ಉಳಿಸಿಕೊಳ್ಳಲಾರದೆ ಹೋಯಿತು. ನಂದಿನಿಯ ಹೆಸರಿನಲ್ಲಿ ಹೆಮ್ಮೆಪಡುವ ನಾವು, ಲೀಟರಿನ ದರದಲ್ಲಿ ಎಷ್ಟು ಭಾಗ ಹಸು ಸಾಕಿದವರ ಮನೆ ಸೇರುತ್ತಿದೆ ಎಂಬುದನ್ನು ಕೇಳುವ ರೂಢಿಯನ್ನು ಇಂದೇ ಬೆಳೆಸಿಕೊಳ್ಳುವುದು ಒಳಿತು.